ಮುಟ್ಟು ನಿಂತ ಮೇಲಿನ ಹಾರ್ಮೋನ್ ಚಿಕಿತ್ಸೆಯನ್ನು ಐದು ವರ್ಷಕ್ಕೆ ನಿಲ್ಲಿಸಲೇಬೇಕೇ?

ಹಾಗೇನಿಲ್ಲ, ಎಲ್ಲರಿಗೂ ಒಂದೇ ಗಡುವಿಲ್ಲ. ವರ್ಷಕ್ಕೊಮ್ಮೆ ವೈದ್ಯರೊಡನೆ ಲಾಭ-ಅಪಾಯ ತೂಗಿ ನೋಡಿ. ಈಸ್ಟ್ರೋಜೆನ್, ಪ್ರೊಜೆಸ್ಟೋಜೆನ್ ಎಂಬ ಎರಡೂ ಹಾರ್ಮೋನ್ ಸೇರಿದ ಚಿಕಿತ್ಸೆ ದೀರ್ಘವಾದಷ್ಟೂ ಸ್ತನ ಕ್ಯಾನ್ಸರ್ ಅಪಾಯ ಏರುತ್ತದೆ. ರಕ್ತ ಹೆಪ್ಪುಗಟ್ಟುವ ಭಯವಷ್ಟೇ ಇದ್ದರೆ, ಮಾತ್ರೆಯ ಬದಲು ಚರ್ಮಕ್ಕೆ ಅಂಟಿಸುವ ಪ್ಯಾಚ್ ಅಥವಾ ಹಚ್ಚುವ ಜೆಲ್ ಆಗುತ್ತದೆಯೇ ಎಂದು ಮೊದಲು ಕೇಳಿ. 40ಕ್ಕೂ ಮುಂಚೆ ಮುಟ್ಟು ನಿಂತವರ ಲೆಕ್ಕವೇ ಬೇರೆ: ಸಾಮಾನ್ಯವಾಗಿ 50–51ರವರೆಗಾದರೂ ಮುಂದುವರಿಸುವುದು ಮೂಳೆಗೆ ಒಳ್ಳೆಯದು.

ನಿಲ್ಲಿಸುವುದಾದರೆ 3–6 ತಿಂಗಳಲ್ಲಿ ಹಂತಹಂತವಾಗಿ ಇಳಿಸಿದರೆ ಮೈ ಬಿಸಿಯೇರುವುದು, ರಾತ್ರಿ ಬೆವರುವುದು ತಕ್ಷಣ ಮರುಕಳಿಸುವುದು ಕಡಿಮೆ. ಥಟ್ಟನೆ ನಿಲ್ಲಿಸಿದರೂ ಕೊನೆಗೆ ವ್ಯತ್ಯಾಸವಿಲ್ಲ. ಆದರೆ ಗರ್ಭಕೋಶವಿರುವವರು ಈಸ್ಟ್ರೋಜೆನ್ ಮುಂದುವರಿಸುತ್ತಾ ಪ್ರೊಜೆಸ್ಟೋಜೆನ್ ಒಂದನ್ನೇ ನಿಲ್ಲಿಸಬಾರದು. ಒಳಪದರ ದಪ್ಪವಾಗಿ ಕ್ಯಾನ್ಸರ್‌ಗೆ ದಾರಿಯಾದೀತು. ಯೋನಿ ಒಣಗುವುದಕ್ಕೆ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜೆನ್ ಕ್ರೀಮನ್ನು ಸಾಮಾನ್ಯವಾಗಿ ಇದರ ಜೊತೆಗೇ ನಿಲ್ಲಿಸಬೇಕಿಲ್ಲ.