ಓದುಗರ ಪ್ರಶ್ನೆ: ಹಡಗಿನಲ್ಲಿ ಕಾರ್ಸಿಕಾಕ್ಕೆ

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್‌ನ ನೀಸ್‌ನಿಂದ ಹಡಗಿನಲ್ಲಿ ಕಾರ್ಸಿಕಾ ದ್ವೀಪಕ್ಕೆ ಹೋಗುವವರಿದ್ದೇವೆ. ಕಾರು ನೀಸ್‌ನಲ್ಲೇ ಹಿಡಿದು ಹಡಗಿಗೆ ಏರಿಸುವುದು ಒಳ್ಳೆಯದೋ, ದ್ವೀಪದಲ್ಲಿ ಹಿಡಿಯುವುದೋ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ದ್ವೀಪದಲ್ಲೇ ಹಿಡಿಯಿರಿ. ಹಡಗಿನಲ್ಲಿ ಕಾರಿಗೆ ಬೇರೆ ಟಿಕೆಟ್ ಆಗುತ್ತದೆ. ಮೇಲಾಗಿ ಕೆಲವು ಬಾಡಿಗೆ ಕಂಪನಿಗಳು ಕಾರನ್ನು ಹಡಗಿಗೆ ಏರಿಸಲು ಒಪ್ಪುವುದಿಲ್ಲ. ಕೇಳದೆ ಏರಿಸಿದರೆ ವಿಮೆ ಕೈಕೊಡುತ್ತದೆ. ಕಾರಿಲ್ಲದಿದ್ದರೆ ನೀಸ್ ವಿಮಾನ ನಿಲ್ದಾಣದಿಂದ 2ನೇ ಲೈನಿನ ಟ್ರಾಮ್ ಹತ್ತಿ ಕೊನೆಯ ನಿಲ್ದಾಣ ಪೋರ್ಟ್ ಲಿಂಪಿಯಾದಲ್ಲಿ ಇಳಿದರಾಯಿತು, ಅದೇ ಬಂದರು.

ಮೊದಲು ಬಾಸ್ತಿಯಾಕ್ಕೆ ಹಡಗು ಹಿಡಿಯಿರಿ. ಹಗಲಿನ ಪಯಣ ಸುಮಾರು 6 ತಾಸು. ಅಲ್ಲಿಂದ ಅಜಾಕ್ಸಿಯೊಗೆ ಮೀಟರ್‌ಗೇಜ್ ರೈಲಿದೆ: 158 ಕಿ.ಮೀ., ಹೆಚ್ಚುಕಡಿಮೆ 4 ತಾಸು. ಕೋರ್ತೆ ದಾಟಿದ ಮೇಲೆ ಐಫೆಲ್ ಕಂಪನಿಯ ವೆಕ್ಕಿಯೊ ಸೇತುವೆ, ಆಮೇಲೆ ವಿಜ್ಜಾವೋನಾದಲ್ಲಿ 4 ಕಿ.ಮೀ.ಗೆ ಸ್ವಲ್ಪ ಕಡಿಮೆ ಉದ್ದದ ಸುರಂಗ. ಈ ಬೆಟ್ಟಗಳನ್ನು ನೋಡಲು ರೈಲಿನ ಕಿಟಕಿಯೇ ಚೆಂದ, ಸ್ಟಿಯರಿಂಗ್ ಹಿಡಿದವರಿಗೆ ಆ ಭಾಗ್ಯವಿಲ್ಲ.

ಕಾರು ಅಜಾಕ್ಸಿಯೊದಲ್ಲಿ ಹಿಡಿದು ಪಿಯಾನಾ, ಪೋರ್ಟೊ ಮೇಲೆ ಉತ್ತರಕ್ಕೆ ಕಲ್ವಿಗೆ ಹೋಗಿ. ದಿಕ್ಕು ಮುಖ್ಯ. ಅಲ್ಲಿ ವಾಹನ ಬಲಕ್ಕೆ ಓಡುವುದರಿಂದ, ಪಶ್ಚಿಮ ಕರಾವಳಿಯಲ್ಲಿ ಉತ್ತರಕ್ಕೆ ಹೊರಟವರಿಗೆ ಬೆಟ್ಟದ ಬದಿ ಸಿಗುತ್ತದೆ. ದಕ್ಷಿಣಕ್ಕೆ ಹೊರಟರೆ ಪ್ರಪಾತದ ಬದಿ. ಪಿಯಾನಾದ ಕೆಂಪು ಬಂಡೆಗಳ ನಡುವೆ ರಸ್ತೆ ಎಷ್ಟು ಕಿರಿದೆಂದರೆ ಎದುರು ಬಸ್ ಬಂದರೆ ಒಬ್ಬರು ಹಿಂದಕ್ಕೆ ಸರಿಯಲೇಬೇಕಾಗಬಹುದು. ಹಂದಿ, ದನ ರಸ್ತೆಯಲ್ಲೇ ನಿಂತಿರುತ್ತವೆ. ಪೋರ್ಟೊದಿಂದ ಕಲ್ವಿಗೆ ಸುಮಾರು 75 ಕಿ.ಮೀ.; ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಹೋದ ಲೆಕ್ಕ ಹಾಕಬೇಡಿ, 2 ತಾಸಿನ ಮೇಲೆಯೇ ಬೇಕು. ಕತ್ತಲಾದ ಮೇಲೆ ಓಡಿಸಲೇಬೇಡಿ.

ಕಲ್ವಿಯಲ್ಲಿ ಕಾರು ಬಿಟ್ಟು (ಬೇರೆ ಊರಲ್ಲಿ ಬಿಟ್ಟದ್ದಕ್ಕೆ ಹೆಚ್ಚಿಗೆ ಹಣ ಕೇಳುವುದುಂಟು), ಕಡಲಂಚಿನ ಪುಟ್ಟ ರೈಲಿನಲ್ಲಿ ಲೀಲ್ ರೂಸ್‌ಗೆ ಬಂದರೆ ಅಲ್ಲಿಂದ ನೀಸ್‌ಗೆ ಹಡಗುಂಟು. ಗಾಳಿ ಜೋರಾದರೆ ಹಡಗು ತಡವಾಗುತ್ತದೆ, ಕೆಲವೊಮ್ಮೆ ರದ್ದೇ ಆಗುತ್ತದೆ. ಆದ್ದರಿಂದ ವಾಪಸ್ ಹಡಗಿಗೂ ವಿಮಾನಕ್ಕೂ ನಡುವೆ ಒಂದು ಪೂರ್ತಿ ದಿನ ಬಿಡಿ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಹೊರಡುವ ಮೊದಲೇ ಆರ್‌ಟಿಒದಲ್ಲಿ ಮಾಡಿಸಿಕೊಳ್ಳಿ. ಊರಿನ ಲೈಸೆನ್ಸನ್ನೂ ಜೊತೆಗಿಡಿ. ಠೇವಣಿಗೆ ಚಾಲಕರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಇಲ್ಲಿ ತಕರಾರಾಗಿ ಕೌಂಟರಿನಿಂದಲೇ ಮರಳುವವರು ಬಹಳ.

ಪ್ರಶ್ನೆ: ಅಮ್ಮನಿಗೆ ಬಸ್ಸಿನಲ್ಲೇ ವಾಂತಿಯಾಗುತ್ತದೆ. ಹಡಗು ತಡೆದೀತೆ?
– ಓದುಗರು, ಚಿತ್ರದುರ್ಗ

ಉತ್ತರ: ತಡೆಯುತ್ತದೆ, ಕೂರುವ ಜಾಗ ಸರಿಯಾಗಿದ್ದರೆ. ಹಡಗಿನ ಮೂತಿ ಮತ್ತು ಮೇಲಿನ ಅಂತಸ್ತು ಹೆಚ್ಚು ತೂಗುತ್ತವೆ. ಮಧ್ಯಭಾಗದಲ್ಲಿ, ಪ್ರಯಾಣಿಕರ ಕೆಳ ಅಂತಸ್ತಿನಲ್ಲಿ, ದಿಗಂತ ಕಾಣುವ ಕಿಟಕಿಯ ಬಳಿ ಕೂರಿಸಿ. ಮೊಬೈಲ್ ನೋಡಗೊಡಬೇಡಿ. ಹೊಟ್ಟೆ ಖಾಲಿ ಬೇಡ, ಎಣ್ಣೆ ತಿಂಡಿಯೂ ಬೇಡ. ಗುಳಿಗೆ ನುಂಗುವುದಾದರೆ ಹಡಗು ಹೊರಡುವ ಒಂದು ತಾಸು ಮೊದಲೇ. ವಾಂತಿ ಶುರುವಾದ ಮೇಲೆ ಗುಳಿಗೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಇವು ನಿದ್ದೆ ಬರಿಸುತ್ತವೆ. ಗ್ಲಾಕೋಮಾ ಇದ್ದರೆ ಅಥವಾ ದಿನವೂ ಬೇರೆ ಮಾತ್ರೆ ನುಂಗುತ್ತಿದ್ದರೆ ವೈದ್ಯರನ್ನು ಕೇಳದೆ ಕೊಡಬೇಡಿ.

ಪ್ರಶ್ನೆ: ಬೆಣ್ಣೆ, ಪೇಡ, ಮಂಡಕ್ಕಿ ಒಯ್ಯಬಹುದೆ?
– ಓದುಗರು, ಹರಿಹರ

ಉತ್ತರ: ಮಂಡಕ್ಕಿ, ಚಟ್ನಿಪುಡಿ ಒಯ್ಯಿರಿ. ಬೆಣ್ಣೆ, ತುಪ್ಪ, ಪೇಡ ಬೇಡ. ಹೊರದೇಶದ ಪ್ರಯಾಣಿಕರು ಹಾಲಿನ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ, ಕಸ್ಟಮ್ಸ್‌ನಲ್ಲಿ ಕಿತ್ತುಕೊಳ್ಳುತ್ತಾರೆ.