ಬೇರೆ ಲೋಟ ಬೇಕೇ, ಡಾಕ್ಟ್ರೇ?

ಪ್ರಶ್ನೆ: ತೋಟದ ಕೆಲಸಕ್ಕೆ ಬರುವಾಕೆಗೆ ಮಂಗನ ಕಾಯಿಲೆ ಬಂದು ವಾಸಿಯಾಗಿದೆ. ನಮ್ಮತ್ತೆ ಆಕೆಗೆ ಬೇರೆ ಲೋಟ ಇಟ್ಟಿದ್ದಾರೆ. ಅತ್ತೆಗೇ ತೊನ್ನು ಇದೆ. ಇವೆಲ್ಲ ಅಂಟುತ್ತವೆಯೇ?
– ಓದುಗರೊಬ್ಬರು, ಸಾಗರ

ಉತ್ತರ: ತೊನ್ನು ಖಂಡಿತ ಅಂಟುವುದಿಲ್ಲ. ಅಲ್ಲಿ ರೋಗಾಣುವೇ ಇಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗಿರುತ್ತವೆ, ಅಷ್ಟೇ. ಸಕ್ಕರೆ ಕಾಯಿಲೆ, ಬಿಪಿಯೂ ಇದೇ ಪಂಗಡ.

ಮಂಗನ ಕಾಯಿಲೆ ಸ್ವಲ್ಪ ತೊಡಕಿನದು. 1957ರಲ್ಲಿ ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ ಮೊದಲು ಪತ್ತೆಯಾದದ್ದು. ವೈರಸ್‌ನಿಂದ ಬರುವುದರಿಂದ ಸೋಂಕು ರೋಗವೇ ಹೌದು. ಹಾಗೆಂದು ಸೋಂಕು ರೋಗಗಳೆಲ್ಲ ಮುಟ್ಟಿದರೆ ಹರಡುತ್ತವೆ ಎಂದುಕೊಳ್ಳಬೇಡಿ. ಇದನ್ನು ದಾಟಿಸುವುದು ಕಾಡಿನ ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ. ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು ಕಂಡುಬಂದಿಲ್ಲ. ಚಳಿಗಾಲ, ಬೇಸಿಗೆಯಲ್ಲಿ ತರಗೆಲೆ ತರಲು ಹೋಗುವವರು ಮೈತುಂಬ ಬಟ್ಟೆ ಹಾಕಿಕೊಳ್ಳಲಿ, ಬಂದೊಡನೆ ಬಿಸಿನೀರಲ್ಲಿ ಮೀಯಲಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ನಾನು ಹಳ್ಳಿಯಲ್ಲಿದ್ದಾಗ ಒಂದು ಮನೆಯಲ್ಲಿ ತೊನ್ನಿದ್ದ ನಾದಿನಿಗೆ ಬೇರೆ ತಟ್ಟೆ. ಚಿಕಿತ್ಸೆಯನ್ನೇ ಶುರುಮಾಡದ, ಕೆಮ್ಮುವ ಕ್ಷಯರೋಗಿ ಯಜಮಾನರ ಪಕ್ಕದಲ್ಲಿ ಮಾತ್ರ ಮೊಮ್ಮಕ್ಕಳ ಹಾಸಿಗೆ! ಗಾಳಿಯಲ್ಲಿ ಹರಡುವ ಆ ಕಾಯಿಲೆಯ ಭಯ ಯಾರಿಗೂ ಇರಲಿಲ್ಲ.

ಆಕೆಗೆ ನಿಮ್ಮ ಲೋಟದಲ್ಲೇ ಕಾಫಿ ಕೊಡಿ.