ದುಂಡು ಮನೆಯ ಹೊಗೆ: ಸೂರಿಗೆ ತೂತು ಬೇಡ

ಸೌದೆ ಹಸಿ ಇರಬೇಕು, ಹೊಗೆಗೆ ಬಹುಶಃ ಅದೇ ಕಾರಣ. ವೇಲ್ಸ್‌ನಲ್ಲಿ ಕೆಲ್ಟರ (ಅಲ್ಲಿನ ಪ್ರಾಚೀನ ಜನ) ಕಾಲದ ಮಾದರಿಯ, ಹುಲ್ಲು ಹೊದಿಸಿದ ದುಂಡು ಮನೆಯಲ್ಲಿ ಒಂದು ವಾರ ಇರಬೇಕು, ಈಗಲೇ ಕಣ್ಣು ಉರಿಯುತ್ತಿದೆ, ಸೂರಿನ ತುದಿಗೆ ತೂತು ಮಾಡಲೇ ಅಂತ ಕೇಳಿದ್ದೀರಿ. ಖಂಡಿತ ಬೇಡ. ತೂತಿದ್ದರೆ ಗಾಳಿ ಬೆಂಕಿಯನ್ನು ಮೇಲಕ್ಕೆ ಎಳೆಯುತ್ತದೆ, ಕಿಡಿ ಹಾರಿ ಹುಲ್ಲಿಗೆ ತಗಲುತ್ತದೆ. ಹಳೆಯ ಕಾಲದ ಬದುಕನ್ನು ಪ್ರಯೋಗ ಮಾಡಿ ಅರಿಯುವ ಇಂಗ್ಲೆಂಡಿನ ಬಟ್ಸರ್ ಫಾರ್ಮ್‌ನಲ್ಲಿ 1970ರ ದಶಕದಿಂದ ಇಂಥ ಮನೆಗಳನ್ನು ಕಟ್ಟಿ ನೋಡುತ್ತಿದ್ದಾರೆ. ಅಲ್ಲೂ ಹೊಗೆ ಹೋಗುವುದು ಹುಲ್ಲಿನ ಸಂದಿಯಿಂದಲೇ.

ಮೊದಲು ಒಲೆ ನೋಡಿ. ಉರಿಯುವಾಗ ಯಾವ ಕೊಳ್ಳಿಯ ತುದಿಯಲ್ಲಿ ನೊರೆ ಬಂದು ಚುಸ್ ಅನ್ನುತ್ತದೋ ಅದು ಹಸಿ, ಹೊರಗೆ ತೆಗೆಯಿರಿ. ಆಮೇಲೆ ಬೆರಳು ದಪ್ಪದ ಒಣ ಸೀಳುಗಳಿಂದ ಬೆಂಕಿ ಹಚ್ಚಿ, ಚಿಕ್ಕದಾದರೂ ಚೆನ್ನಾಗಿ ಉರಿಯುವಂತೆ ನೋಡಿಕೊಳ್ಳಿ. ದೊಡ್ಡ ಕೊರಡು ಹಾಕಿ ಸುಮ್ನೆ ಹೊಗೆಯಾಡಲು ಬಿಡಬೇಡಿ. ನಾಳೆಯ ಸೌದೆಯನ್ನು ಇವತ್ತೇ ಒಳಗೆ ತಂದು, ಒಲೆಯಿಂದ ಸ್ವಲ್ಪ ದೂರದಲ್ಲಿ ಒಣಗಲು ಇಡಿ.

ನಿಂತರೆ ತಲೆ ನೇರ ಹೊಗೆಯೊಳಗೇ ಇರುತ್ತದೆ, ಅಲ್ವಾ? ಗಿಡ್ಡ ಮಣೆ ಮೇಲೆ ಕೂತು ಅಡುಗೆ ಮಾಡಿ. ಫ್ಲೀಸ್ ಜಾಕೆಟ್ ಬೇಡ, ಕಿಡಿ ಬಿದ್ದರೆ ಕರಗಿ ತೂತಾಗುತ್ತದೆ. ಉಣ್ಣೆಯದು ವಾಸಿ.

ಇಷ್ಟಾದರೂ ಹೊಗೆ ಒಳಗೇ ತುಂಬಿಕೊಂಡಿದ್ದರೆ ಹುಲ್ಲಿನ ಹೊದಿಕೆಯದೇ ತೊಂದರೆ ಇರಬಹುದು, ನೋಡದೆ ಹೇಳಲಾರೆ. ಮನೆ ನೋಡಿಕೊಳ್ಳುವವರನ್ನು ಕರೆಯಿರಿ. ಒಳಗೆ ಮಲಗುವುದಾದರೆ ಕಾರ್ಬನ್ ಮಾನಾಕ್ಸೈಡ್ (ಬೆಂಕಿಯಿಂದ ಬರುವ, ವಾಸನೆಯಿಲ್ಲದ ವಿಷಾನಿಲ) ಅಲಾರಂ ಇವತ್ತೇ ಕೇಳಿ ಇಟ್ಟುಕೊಳ್ಳಿ. ತಲೆನೋವು, ವಾಕರಿಕೆ ಶುರುವಾದರೆ ತಕ್ಷಣ ಎಲ್ಲರೂ ಹೊರಗೆ ಬನ್ನಿ.